ಆಮ್ಲದ ಮಡಿ

ಸೊಹಾರ್ ಬಂದರಿನ ಬೆನ್ನಿಗೆ ಗಂಧಕದ ಗುಡ್ಡ,
ಅರಿಸಿನಕ್ಕಿಂತ ಎಳೆಯ ಹಳದಿ.
ಗಾಳಿ ಎದ್ದ ದಿನ ಕಣ್ಣಲ್ಲಿ ಕೂರುತ್ತದೆ,
ಬುತ್ತಿಯ ಮುಚ್ಚಳದ ಮೇಲೆ ಕೂರುತ್ತದೆ.
ಹೆಸರಲ್ಲಿ ಗಂಧವಿದೆಯಲ್ಲ ಎಂದು
ಮೊದಲ ದಿನ ಹಿಡಿ ಎತ್ತಿ ಮೂಸಿದವನು ನಾನು.

ಹಳೆಯ ಘಟಕದಲ್ಲಿ ಹನ್ನೊಂದು ವರ್ಷ.
ಅದರ ಚಿಮಣಿಗೊಂದು ಬಿಳಿ ಜುಟ್ಟಿತ್ತು;
ಬೆಸ್ತರು ಅದು ಬಾಗಿದ ದಿಕ್ಕು ನೋಡಿ
ದೋಣಿ ಇಳಿಸುತ್ತಿದ್ದರು.
ನಮ್ಮ ಅಂಗಿಗಳಿಗೆ ತೂತು,
ಸೂಜಿಮೊನೆಯಷ್ಟು, ಸಾಸಿವೆಯಷ್ಟು.
ಕ್ಯಾಂಪಿನ ತಂತಿಗೆ ಒಣಹಾಕಿದರೆ
ಇಳಿಬಿಸಿಲು ಜರಡಿಯಾಡುತ್ತಿತ್ತು ಅವುಗಳಲ್ಲಿ.
ಫೋರ್‌ಮನ್ ಖಲ್ಫಾನನ ಮುಂದಿನ ಹಲ್ಲು
ಸವೆದು ಅಕ್ಕಿನುಚ್ಚಾಗಿತ್ತು;
ನಗುವಾಗ ಕೈ ಅಡ್ಡ ಹಿಡಿಯುತ್ತಿದ್ದ.

ಈಗ ಹೊಸದು.
ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುತ್ತಾರೆ,
ಹೊಗೆಯೇ ಆಡದ ಬೆಂಕಿಯನ್ನು ಯಾರು ನಂಬಬೇಕು?
ನಿವೃತ್ತನಾದ ಖಲ್ಫಾನ್ ಮೊದಲ ವಾರ ಮೂರು ಸಲ ಫೋನ್ ಮಾಡಿದ:
‘ನಿಂತುಹೋಯಿತಾ?’
ಇಲ್ಲ ಮಾರಾಯ, ಒಳಗೆ ಸಾವಿರದ ನೂರು ಡಿಗ್ರಿ.
ವನಾಡಿಯಮ್ಮಿನ ಹಾಸು ಹಾಸು ದಾಟುತ್ತ
ಅನಿಲ ಮೈ ಬದಲಿಸುತ್ತದೆ.
ಮೂರು ದಾಟಿದ ಮೇಲೆ ಇಳಿದು ಮಿಂದು
ಮಿಕ್ಕಿದ್ದು ಮತ್ತೆ ಹತ್ತುತ್ತದೆ ನಾಲ್ಕನೆಯದಕ್ಕೆ,
ಬಾಕಿ ಬಿಡದ ಅಂಗಡಿಯವನ ಲೆಕ್ಕ.
ನೀರು ಕೊಟ್ಟರೆ ಒಲ್ಲದು ಅದು,
ಮಂಜಾಗಿ ಮುನಿದು ಹಾರುತ್ತದೆ.
ತನ್ನದೇ ಜಾತಿಯ ಗಟ್ಟಿ ಆಮ್ಲ ಸುರಿದರೆ
ಸದ್ದಿಲ್ಲದೆ ಕೂಡಿಕೊಳ್ಳುತ್ತದೆ,
ದಿನವಿಡೀ ಹರಕು ಅರಬ್ಬಿ ಆಡಿ ಬಂದವನು
ಕನ್ನಡ ಕಿವಿಗೆ ಬಿದ್ದಕೂಡಲೇ
ಚಾಪೆಯ ಮೇಲೆ ಕುಸಿಯುವ ಹಾಗೆ.

ಕೂಡಿಕೊಂಡಾಗ ಹುಟ್ಟುವ ಬಿಸಿಯನ್ನು
ಮೊದಲೆಲ್ಲ ಸಮುದ್ರಕ್ಕೆ ಚೆಲ್ಲುತ್ತಿದ್ದೆವು.
ಸಮುದ್ರಕ್ಕೇನು ಚಳಿಯೇ, ಅದೂ ಈ ಊರಲ್ಲಿ?
ಈಗ ಆ ಬಿಸಿ ಉಗಿ, ಉಗಿ ಟರ್ಬೈನು;
ಅಲ್ಲೂ ಮುಗಿಯದ ಉಸಿರು
ಉಪ್ಪುನೀರನ್ನು ಕುದಿಸಿ ಸಿಹಿ ಮಾಡುತ್ತದೆ.
ಕ್ಯಾಂಟೀನಿನ ನಲ್ಲಿಯಲ್ಲಿ ಬರುವುದು ಅದೇ ಎಂದು ತಿಳಿದ ದಿನ
ಲೋಟ ಹಿಡಿದು ಸುಮ್ಮನೆ ನಿಂತೆ.
ಕುಡಿದೆ.
ಹುಳಿಯಿರಲಿಲ್ಲ.

ನಿನ್ನೆ ಶಮೀಲಾ ಮೇಡಂ ಲ್ಯಾಬಿಗೆ ಕರೆದರು.
ಚಿಪ್ಪು ತೊಳೆಯುವ ಆಮ್ಲ,
ನೀರಿನ ಬಣ್ಣ, ಎಣ್ಣೆಯ ನಡಿಗೆ.
ಸಾವಿರ ಕೋಟಿಯಲ್ಲಿ ಒಂದು ಪಾಲು ಕಬ್ಬಿಣ ಕಂಡರೂ
ಸರಕು ವಾಪಸ್ಸು.
ಬಾಗಿಲಲ್ಲೇ ತಡೆದು ಅಂದರು:
‘ಮುಟ್ಟಬೇಡಿ.’

ಆ ಮಾತು ನನಗೆ ಹೊಸದಲ್ಲ.
ನನ್ನಜ್ಜ ಇದೇ ಆಮ್ಲದ ಹುಳಿನೀರಲ್ಲಿ
ಮೊಣಕೈವರೆಗೆ ಅದ್ದಿ ತೊಗಲು ಹದಮಾಡಿದವನು.
ಅವನು ಹೊಲಿದ ಮೆಟ್ಟು ಅಂಗಳ ಹತ್ತುತ್ತಿತ್ತು,
ಅವನು ಹತ್ತುವಂತಿರಲಿಲ್ಲ.

ಆದರೆ ಶಮೀಲಾ ತಾವೂ ಎರಡು ಜೊತೆ ಗವಸು ತೊಟ್ಟರು.
ಹಿಂದೆ ಬಂದ ಜನರಲ್ ಮ್ಯಾನೇಜರಿಗೆ
ತಲೆಯಿಂದ ಹಿಮ್ಮಡಿಗೆ ಬಿಳಿ ಮುಸುಕು ಹಾಕಿಸಿದರು.
ಅತ್ತರು ಪೂಸಿ ಬಂದ ನಿರ್ದೇಶಕರು
ಗಾಜಿನಾಚೆಯೇ ಉಳಿದರು.
‘ಎಲ್ಲರ ಬೆವರೂ ಒಂದೇ,’ ಅಂದರು ಶಮೀಲಾ,
‘ಸೋಡಿಯಂ, ಪೊಟಾಸಿಯಂ, ಚೂರು ಕಬ್ಬಿಣ.’
ಇಂಥದೊಂದು ಮಡಿಯೂ ಇದೆಯಂತೆ ಅಜ್ಜಾ,
ಯಾರನ್ನೂ ಒಳಗೆ ಬಿಡದ್ದು!
(ಸಂಬಳದ ಚೀಟಿ ಬೇರೆ ಮಾತು.
ಅದಕ್ಕೆ ಪಾಸ್‌ಪೋರ್ಟಿನ ಬಣ್ಣ ಕಾಣುತ್ತದೆ.)

ರಾತ್ರಿ ವರ್ಷದ ಹಳೆಯ ಅಂಗಿಯನ್ನು
ಬಲ್ಬಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ.
ಒಂದೇ ತೂತು.
ಅದು ಸಿಗರೇಟಿನದ್ದು, ನನ್ನದೇ ತಪ್ಪು.

ಬೆಳಗಿನ ಪಾಳಿ ಮುಗಿಸಿ ದಂಡೆಗೆ ಹೋದರೆ
ಖಲ್ಫಾನ್ ಮೊಮ್ಮಗನ ಜೊತೆ ದೋಣಿ ತಳ್ಳುತ್ತಿದ್ದ.
ಅಭ್ಯಾಸಬಲ, ಕತ್ತೆತ್ತಿ ಚಿಮಣಿ ನೋಡಿದ.
ಬರೀ ಆಕಾಶ.
ಆಮೇಲೆ ಬೆರಳು ನೆಕ್ಕಿ
ಮೇಲೆತ್ತಿ ಹಿಡಿದ,
ಗಾಳಿಗೆ.