ಹದಿನೇಳೋ ಹತ್ತೊಂಬತ್ತೋ

ರಾತ್ರಿಪಾಳಿ ಮುಗಿಸಿ ಮೆಟ್ಟಿಲು ಹತ್ತಿ ಬಂದೆ.
ಮೂರನೇ ಮಹಡಿಯಲ್ಲಿ ಕೈ ತಾನಾಗಿ ಮುಂದೆ ಹೋಯಿತು.
ಬಾಗಿಲ ಹಿಡಿಕೆಗೆ ಏನೂ ಸಿಕ್ಕಿಸಿರಲಿಲ್ಲ.
ಹಿಡಿಕೆ ಇತ್ತು, ತಣ್ಣಗೆ.

ಪತ್ರಿಕೆಯನ್ನು ಈಗ ನಾನೇ ಕೊಳ್ಳುತ್ತೇನೆ
ಬಸ್ ನಿಲ್ದಾಣದ ಗೂಡಂಗಡಿಯಲ್ಲಿ, ಚಿಲ್ಲರೆ ಎಣಿಸಿ.
ಮೊದಲು ಹಾಗಲ್ಲ.
ಎದುರು ಮನೆಯ ಪ್ರೋದ್ರೊಮೊಸ್ ಐದಕ್ಕೇ ಓದಿ ಮುಗಿಸಿ
ನಾಲ್ಕು ಮಡಿಕೆ ಮಾಡಿ ಇಲ್ಲಿ ಸಿಕ್ಕಿಸುತ್ತಿದ್ದ,
ತಪ್ಪುಗಳಿಗೆಲ್ಲ ಕೆಂಪು ಸುತ್ತಿ.

ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ
ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕರಡು ತಿದ್ದಿದವನು.
ಸಂಬಳ ನಿಂತಿತು, ಪೆನ್ಸಿಲ್ ನಿಲ್ಲಲಿಲ್ಲ.
ಹಿಂದೊಮ್ಮೆ ಅಥೆನ್ಸಿನಲ್ಲಿ, ರಾತ್ರೋರಾತ್ರಿ,
ಸಂಸತ್ತು ನಮ್ಮ ಅಕ್ಷರಗಳ ನೆತ್ತಿಯ ಮೇಲಿದ್ದ
ಉಸಿರಿನ ಗುರುತನ್ನು ಬೇಡವೆಂದು ತೆಗೆದುಹಾಕಿತಲ್ಲ,
ಅದನ್ನವನು ಸಾವಿನ ಸುದ್ದಿಯ ಹಾಗೆ ಹೇಳುತ್ತಿದ್ದ:
‘ಉಸಿರು ತೆಗೆದರು, ಗರುಫಾಲಿಯಾ.
ಏನೂ ವ್ಯತ್ಯಾಸ ಆಗೋದಿಲ್ಲ ಅಂದರು.’

ಒಳ್ಳೆಯವನೇನಲ್ಲ.
ನನ್ನ ಒಗೆದ ಬಟ್ಟೆಯ ನೀರು
ಅವನ ತುಳಸಿಕುಂಡಕ್ಕೆ ತೊಟ್ಟಿಕ್ಕಿದರೆ
ಕಟ್ಟಡಕ್ಕೆಲ್ಲ ಕೇಳುವಂತೆ ಬೈದವನು.
ಅವನ ತಂಗಿ ತೀರಿಕೊಂಡಾಗ
ನಾನು ಬರೆದುಕೊಟ್ಟ ಸಾಂತ್ವನದ ಚೀಟಿಯನ್ನೂ
ತಿದ್ದಿ ಹಿಂದಕ್ಕೆ ಕೊಟ್ಟ.
ಎರಡು ತಪ್ಪು. ಅಡಿಯಲ್ಲಿ, ಸಣ್ಣಕ್ಷರದಲ್ಲಿ: ಧನ್ಯವಾದ.
ಒಂದು ವಾರ ಮಾತು ಬಿಟ್ಟಿದ್ದೆ.
ಚೀಟಿ ಬಿಸಾಡಲಿಲ್ಲ.

ಇವತ್ತಿನ ಸುದ್ದಿ:
ಎಣ್ಣೆಯ ಬೆಲೆ ಮತ್ತೆ ಏರಿದೆ.
ಗುರುವಾರ ಹಡಗಿನವರ ಮುಷ್ಕರ.
ಪೆನಾಲ್ಟಿ ಕೊಡದ ರೆಫರಿಯ ಮನೆಗೆ ಯಾರೋ ಕಲ್ಲು ಹೊಡೆದಿದ್ದಾರೆ.
ದ್ವೀಪದ ಹತ್ತಿರ ದೋಣಿ ಮಗುಚಿದೆ,
ತಲೆಬರಹದಲ್ಲಿ ಸತ್ತವರು ಹದಿನೇಳು,
ಒಳಗೆ, ನಾಲ್ಕನೇ ಸಾಲಿನಲ್ಲಿ, ಹತ್ತೊಂಬತ್ತು.
ಮಂತ್ರಿಗಳಿಗೆ ತೀವ್ರ ದುಃಖವಾಗಿದೆ.

‘ತೀವ್ರ’ವನ್ನು ಅವನು ಮೊದಲು ಹೊಡೆದುಹಾಕುತ್ತಿದ್ದ,
ಅಳೆದವರು ಯಾರು ಎಂದು.
ಆಮೇಲೆ ಎರಡೂ ಅಂಕಿಗೆ ಸುತ್ತು, ನಡುವೆ ಒಂದು ಗೆರೆ,
ಅಂಚಿನಲ್ಲಿ: ಆ ಇಬ್ಬರು ಎಲ್ಲಿ?
ಆಮೇಲೆ ಫೋನು.
ಅಚ್ಚಿನ ದೋಷ ಸಾರ್ ಅಂದ ಹುಡುಗನಿಗೊಮ್ಮೆ
ಗೋಡೆಯಾಚೆಗೂ ಕೇಳುವಂತೆ ಹೇಳಿದ್ದ:
‘ಅಚ್ಚಿಗೆ ಬಾಯಿಲ್ಲ, ಅದರ ಮೇಲೆ ಹಾಕಬೇಡ. ಎದ್ದು ಹೋಗಿ ಎಣಿಸು.’

ನಾನೂ ಎಣಿಸುವವಳೇ.
ಬೆಳಗಿನವರಿಗೆ ವಾರ್ಡು ಒಪ್ಪಿಸುವಾಗ
ಹಾಸಿಗೆ ಇಪ್ಪತ್ತೆರಡು, ತಲೆ ಇಪ್ಪತ್ತೊಂದು ಎಂದರೆ
ಯಾರೂ ಏನೂ ಕೇಳುವುದಿಲ್ಲ,
ಚಾದರ ಬದಲಿಸುತ್ತಾರೆ.
ಅವನು ಹೋದದ್ದು ಅದೇ ಆಸ್ಪತ್ರೆಯಲ್ಲಿ,
ಎರಡು ಮಹಡಿ ಕೆಳಗೆ, ಮೂಗಿಗೆ ನಳಿಗೆ ಇಟ್ಟುಕೊಂಡು,
ನಾನು ಮೇಲೆ ಯಾರದೋ ಸಲೈನ್ ಬದಲಿಸುತ್ತಿದ್ದಾಗ.
ಪಾಳಿ ಮುಗಿಸಿ ಇಳಿದುಬಂದೆ.
ಆಗಲೇ ಚಾದರ ಬದಲಾಗಿತ್ತು.

ನಲವತ್ತನೇ ದಿನ ಕವಾಲಾದಿಂದ ಸೋದರಸೊಸೆ ಬಂದಳು.
ಇಗರ್ಜಿಯಲ್ಲಿ ಬೇಯಿಸಿದ ಗೋಧಿ, ಸಕ್ಕರೆ, ದಾಳಿಂಬೆ ಬೀಜ,
ಪುಟ್ಟ ಕಾಗದದ ಪೊಟ್ಟಣದಲ್ಲಿ.
ಪೊಟ್ಟಣದ ಮೇಲೆ ಅವನ ಹೆಸರು, ಒಂದು ಅಕ್ಷರ ತಪ್ಪಾಗಿ.
ನಾವಿಬ್ಬರೂ ನೋಡಿದೆವು, ಇಬ್ಬರೂ ತಿಂದೆವು.
ಏನಾದರೂ ಇಟ್ಟುಕೊಳ್ಳಿ ಅಂದಳು, ಖಾಲಿ ಮಾಡುವಾಗ.
ಬೆರಳಿಗಿಂತ ಮೋಟು ಪೆನ್ಸಿಲ್, ತುದಿ ಕಚ್ಚಿದ್ದು, ತಂದೆ.

ಈಗ ಅಡುಗೆಮನೆಯಲ್ಲಿ, ಕೋಟು ಕೂಡ ಬಿಚ್ಚದೆ,
ಹದಿನೇಳಕ್ಕೆ ಸುತ್ತು ಹಾಕಿದೆ.
ಹತ್ತೊಂಬತ್ತಕ್ಕೆ ಸುತ್ತು ಸರಿಯಾಗಿ ಕೂಡಲಿಲ್ಲ,
ಅವನಿದ್ದಿದ್ದರೆ ಅದನ್ನೂ ತಿದ್ದುತ್ತಿದ್ದ.
ಪುಟದ ಅಡಿಯಲ್ಲಿದ್ದ ನಂಬರು ಒತ್ತಿದೆ.
ಜಾಹೀರಾತಿಗೆ ಒಂದು, ಚಂದಾದಾರರಿಗೆ ಎರಡು,
ಇತರೆಗೆ ಒಂಬತ್ತು.
ಒಂಬತ್ತು.

ಸಂಗೀತ ಬರುತ್ತಿದೆ.
ಉತ್ತರದ ಗಾಳಿ ಮೇಲ್ಪೇಟೆಯ ಕಿಟಕಿಗಳನ್ನೆಲ್ಲ ಬಡಿಯುತ್ತಿದೆ.
ಒಲೆಯ ಮೇಲೆ ಕಾಫಿ ಉಕ್ಕಿ ಚೆಲ್ಲಿತು.
ಚೆಲ್ಲಲಿ. ಫೋನ್ ಕೆಳಗಿಡುವುದಿಲ್ಲ.