ಚಕ್ಕುಬಂದಿ

ನವನಗರದ ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿ ಕಟ್ಟಿಮ್ಯಾಲ
ನಂದೊಂದು ಟೇಬಲ್ಲು, ಒಂದು ಟೈಪ್‌ರೈಟರು.
ಳಕಾರದ ಕೀಲಿ ಮುರದು ಆರು ವರ್ಷಾತು.
ಮುಳುಗಡೆ ಅಂತ ಹೊಡಿಯೂವಾಗ
ನಡುವ ಜಾಗ ಬಿಟ್ಟು ಪೆನ್ನಿನಿಂದ ತುಂಬತೀನಿ.

ಕೇಬಲ್ಲಿನ ಲಾಲಸಾಬ ಹೊತ್ತೇರೂದ್ರಾಗ ಬಂದ,
ಕೈಯಾಗ ಇಂಗ್ಲಿಷಿನ ಹನ್ನೊಂದು ಹಾಳಿ.
"ಮಾಸ್ತರ, ನನ್ನ ಉಪಗ್ರಹ ಮನಿ ಬದಲಿ ಮಾಡತೈತಂತ.
ಪರವಾನಗಿ ಕೇಳ್ಯಾರ. ಏನ್ ಬರದಾರ, ಒಂಚೂರು ನೋಡ್ರಿ."

ನೋಡಿದೆ. ಅರ್ಜಿ ಚಲೋ ಐತಿ,
ಬರದಾಂವನ ಕೈ ಪಳಗೈತಿ.
ಸದರಿ ಠಿಕಾಣಿ: ಎಪ್ಪತ್ತೊಂದು ಡಿಗ್ರಿ ಪೂರ್ವ.
ಬೇಡಿದ ಠಿಕಾಣಿ: ಎಪ್ಪತ್ತೊಂಬತ್ತೂವರೆ.
ಕಾರಣ: ಅಲ್ಲಿದ್ದ ಹಳೇದಕ್ಕ ಮುಪ್ಪು ಬಂದೈತಿ,
ಅದರ ಗಿರಾಕಿಗಳನ್ನ ಇದು ಹೊರಬೇಕು.
ಉಳಿದ ಎಣ್ಣಿ ನಾಕು ವರ್ಷದ್ದು,
ಅದರಾಗ ಐದು ತಿಂಗಳದ್ದು ದಾರಿಖರ್ಚು.
ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡು ಹೋಗತೀವಿ
ಅಂತ ಒಂದು ಮುಚ್ಚಳಿಕೆ.

"ಚಕ್ಕುಬಂದಿ ಹೆಂಗೈತ್ರಿ?" ಅಂದ.
ಅಂವನೂ ಪ್ಲಾಟಿನ ಹಕ್ಕುಪತ್ರ ನನ್ನ ಕಡೇನ ಬರಸಿದಾಂವ.
ಹೇಳಿದೆ:
ಪೂರ್ವಕ್ಕ ಪರದೇಶದವರದೊಂದು, ಎರಡು ಡಿಗ್ರಿ ಬಿಟ್ಟು.
ಪಶ್ಚಿಮಕ್ಕ ನಮ್ಮವರದೇ, ಮಳಿ ಮೋಡ ನೋಡೂದು.
ಉತ್ತರಕ್ಕ ಏನೂ ಇಲ್ಲ.
ದಕ್ಷಿಣಕ್ಕೂ ಏನೂ ಇಲ್ಲ.
ಕೆಳಗ ಮೂವತ್ತಾರು ಸಾವಿರ ಕಿಲೋಮೀಟರ್ ದಾಟಿದ್ರ ಸಮುದ್ರ.

"ಅಲ್ಲೂ ಬುಡಕ ನೀರ ಅನ್ರಿ," ಅಂತ ನಕ್ಕ.
ನನಗ ನಗಿ ಬರಲಿಲ್ಲ.

ಬಾಗಲಕೋಟಿ ನೀರಿಗೆ ಬೀಳೂ ಮುಂದ
ಸಾವಿರದ ಮ್ಯಾಲ ಅರ್ಜಿ ಬರದ ಕೈ ಇದು.
ಬಾಗಿಲಕ್ಕ ಕೆಂಪು ಬಣ್ಣದ ನಂಬರು,
ತೊಲಿ ಎಷ್ಟು, ಕಿಡಕಿ ಎಷ್ಟು, ಬಾವಿ ಐತೋ ಇಲ್ಲೋ.
ನೇಯಗಿ ಮನಿಯ ತುಳಜಾಬಾಯಿ ಬಂದು ಕುಂತಿದ್ಲು,
ಸೆರಗಿನ ತುಂಬ ಲಾಳಿಯ ನೂಲೆಳಿ.
"ಪ್ಲಾಟು ಎಲ್ಲೆರ ಒಗೀರಿ,
ದ್ಯಾಮವ್ವ ಎದರಾಬದರ ಇರಬೇಕು, ಹಂಗ ಬರಿ."
ಬರದೆ.
ಸಾಹೇಬ್ರು ಆ ಸಾಲಿನ ಮ್ಯಾಲ ಗೆರಿ ಹೊಡದ್ರು,
ನೆರಿಹೊರಿಗೆ ಫಾರ್ಮಿನ್ಯಾಗ ಕಾಲಮ್ಮಿಲ್ಲ.
ದ್ಯಾಮವ್ವಗ ನಾಕನೇ ಸೆಕ್ಟರು, ಈಕಿಗೆ ಮೂವತ್ತೇಳು.
ನಡುವ ಎರಡು ಆಟೋ,
ಆಮ್ಯಾಲ ಮಂಡಿನೋವು.

ಈ ಹನ್ನೊಂದು ಹಾಳಿಯೊಳಗ
ನೆರಿಹೊರಿಗೇ ಮೂರು ಹಾಳಿ.
ಯಾರ ಮಾತಿನ ಮ್ಯಾಲ ಯಾರ ಮಾತು ಬೀಳತೈತಿ,
ಯಾರ ಸಮ್ಮತಿ ಬಂತು, ಯಾರದು ಬಾಕಿ,
ತೂಗಿ ತೂಗಿ ಬರದಾರ.
ಹೊಟ್ಟಿಕಿಚ್ಚಾತು, ಸುಳ್ಳ್ಯಾಕ ಹೇಳಲಿ.

ಇನ್ನೊಂದು ಮಾತು ಏಳನೇ ಹಾಳ್ಯಾಗ ಸಿಕ್ತು:
ಮೂಡಣಕ್ಕ ಸರಿಯಬೇಕಂದ್ರ
ಅದು ಮೊದಲ ಒಂದಿಷ್ಟು ಕೆಳಗಿಳೀಬೇಕಂತ.
ಕೆಳಗಿಳದ್ರ ಓಟ ಹೆಚ್ಚು.
ಮುಟ್ಟಿದ ಮ್ಯಾಲ ಮತ್ತ ಏರಿ ನಿಲ್ಲೂದು.
ದಿನಕ್ಕ ಅರ್ಧ ಡಿಗ್ರಿ, ಹದಿನೇಳು ದಿನ.
ಹಳೇದೂ ಅಲ್ಲ, ಹೊಸಾದೂ ಅಲ್ಲ.
ನಾವು ತಗಡಿನ ಶೆಡ್ಡಿನ್ಯಾಗ ಹದಿನಾಲ್ಕು ತಿಂಗಳಿದ್ವಿ,
ಅದಕ್ಕೂ ಕಾಲಮ್ಮಿರಲಿಲ್ಲ.

ನಮ್ಮ ಊರಿನ ರೇಖೆ ಎಪ್ಪತ್ತೈದು ಪಾಯಿಂಟು ಏಳು.
ಹಾಳಿಯ ಬೆನ್ನಿಗೆ ಲೆಕ್ಕ ಹಾಕಿದೆ:
ಹತ್ತನೇ ದಿನ ಅದು ನಮ್ಮ ನೆಟ್ಟನ ದಕ್ಷಿಣಕ್ಕ ಬರತೈತಿ.
ಹಳಪೇಟಿಯ ನೀರು, ಈ ಕಟ್ಟಿ, ಅದು,
ಒಂದ ಗೆರಿಮ್ಯಾಲ,
ಬಾಯಿ ಮುಚ್ಚಿಕೊಂಡು.

"ಆಕ್ಷೇಪಣಿ ಹಾಕೂಣೇನ್ರಿ? ಮೂವತ್ತು ದಿನ ಕೊಟ್ಟಾರ.
ನಾನೂರಾ ಹನ್ನೆರಡು ಮನಿ ಬೈತಾವು ನನಗ."
ಹಾಳಿ ಏರಿಸಿದೆ. ಅರ್ಜಿದಾರರು, ಸಾಕಿನ್ ನವನಗರ,
ಮೂಲ ಮುಳುಗಡೆ ಬಾಗಲಕೋಟಿ,
ನಡುವಿನ ಖಾಲಿ ಜಾಗಕ್ಕ ಪೆನ್ನು ಇಳಿಸಿದೆ.
ಆಮ್ಯಾಲ ಏನ್ ಬೇಡೂದು ತಿಳೀಲಿಲ್ಲ.
ಚಹಾ ತರಸಿದೆ.

ಪರವಾನಗಿ ಇನ್ನೂ ಬಂದಿಲ್ಲ.
ತುಳಜಾಬಾಯಿಯ ಮಾಳಿಗಿಮ್ಯಾಲೂ ಒಂದು ಡಿಶ್ ಐತಿ.
ಲಾಲಸಾಬ ಅದರ ಪೈಪಿಗೆ ಖಡುವಿನಿಂದ
ಆಗಲೇ ಎರಡು ಗೆರಿ ಎಳದಾನ,
ತಿರುಗಿಸಬೇಕಾದ ಕಡೆ ಒಂದು, ಈಗಿದ್ದಲ್ಲೊಂದು.
ಹಳೇದಕ್ಕ್ಯಾಕಲೇ ಗುರುತು ಅಂದ್ರ
ಇರಲಿ ಬಿಡ್ರಿ ಅಂತಾನ.