ಪಾಳಿ ಒಪ್ಪಿಸೂ ಮುಂದ

ಕುಂದ್ರು ಮಶಾಕ. ಕುರ್ಚಿಯ ಎಡಗಾಲು ಸಡಲ ಅದ, ಬಲಕ್ಕ ವಾಲು.
ತಾಸಿಗೊಮ್ಮೆ ನಾಲ್ಕೂ ಖೋಲಿ ಉಷ್ಣತೆ ಬರಿ.
ಏರಿದ್ರ ತಿಕೋಟಾದವರ ಒಣದ್ರಾಕ್ಷಿ ಕರ್ರಗಾಗ್ತಾವ,
ಸಾವಕಾರ ಫೋನಿನ್ಯಾಗ ಅದಕ್ಕಿಂತ ಕರ್ರಗಾಗ್ತಾನ.
ಕೆಲಸ ಇಷ್ಟ. ಉಳದ ರಾತ್ರಿ ನಿಂದು.

ಈ ಹಳೇ ಕಂಪ್ಯೂಟರಿನ್ಯಾಗ ಒಂದು ಆಟ ಅದ.
ಚಿತ್ರಿಲ್ಲ, ಸಪ್ಪಳಿಲ್ಲ, ಕರೀ ಪರದಿ ಮ್ಯಾಲ ಬರೇ ಅಕ್ಷರ.
ಇಮೇಲ್ ವಿಳಾಸದ ನಡುವ ಬಾಲ ಸುತಗೊಂಡು ಕುಂದರ್ತದಲ್ಲ,
ಆ ಸಣ್ಣ ಸುಳಿ, ಅದು ನೀನು.
ಸಣ್ಣ ಡಿ ಅಂದ್ರ ನಾಯಿ. ದೊಡ್ಡ ಡಿ ಅಂದ್ರ
ಏನಂತ ಕೇಳಬ್ಯಾಡ, ಓಡು.
ಮಾಳಿಗಿ ಕೆಳಗ ಮಾಳಿಗಿ, ಎಲ್ಲಾಕಿಂತ ಕೆಳಗ ಒಂದು ತಾಯತ.
ಹನ್ನೊಂದು ವರ್ಷ ಆಡೀನಿ. ತಾಯತದ ದಾರಾನೂ ಕಂಡಿಲ್ಲ.

ಸತ್ತರ ಸತ್ತಿ, ಅದನ್ನ ಮೊದಲ ತಿಳಕೋ.
ಹೊಸ ಹೆಸರು, ಖಾಲಿ ಚೀಲ, ಒಂದನೇ ಮಾಳಿಗಿ.

ಬಯಲಿನ್ಯಾಗ ನಿಂತು ಬಡದಾಡಬ್ಯಾಡ.
ಗೋಳಗುಮ್ಮಟದ ಮೂಲಿ ಮಿನಾರ ಹತ್ತೀಯಲ್ಲ,
ಮ್ಯಾಲಿಂದ ಶಾಲಿ ಪೋರಗೋಳು ನೂರು ಮಂದಿ ಇಳದು ಬಂದ್ರೂ
ಆ ಮೆಟ್ಟಲದಾಗ ನಿನ್ನ ಎದಿಗೆ ಹಾಯೂದು ಒಂದ ತಲಿ.
ಹಂಗ ಸಂದಿಗೆ ಎಳಕೋ. ಒಬ್ಬೊಬ್ಬರ ಬರಲಿ.

ಬಣ್ಣಬಣ್ಣದ ಶೀಶಾ ಸಿಗ್ತಾವ, ಮ್ಯಾಲ ಚೀಟಿ ಇರೂದಿಲ್ಲ.
ಹೋದ ಜನ್ಮದಾಗ ಗಾಯ ಮಾಯಿಸಿದ ನೇರಳೆ ಬಣ್ಣ
ಈ ಜನ್ಮದಾಗ ಕಣ್ಣು ಕಳೀತದ.
ಜೀವ ಪೂರಾ ಇದ್ದಾಗ, ಮೆಟ್ಟಲದ ಹತ್ರ ನಿಂತು ಕುಡದು ನೋಡು.
ಒಮ್ಮೆ ಔಷಧ ಅಂತ ಗೊತ್ತಾತೋ, ಉಳಿಸಿಕೊಂಡು ಸಾಯಬ್ಯಾಡ.
ನಮ್ಮ ಚಿಗವ್ವ ಇದಕ್ಕಿಂತ ದೊಡ್ಡ ಮದಿವಿ ಬರ್ತದಂತ
ಟ್ರಂಕಿನ್ಯಾಗ ಇಟ್ಟ ಇಳಕಲ್ಲ ಸೀರಿ
ನುಸಿ ಉಟಗೊಂಡ್ವು.

ಕೊಂದದ್ದನ್ನ ಬಿಸಿ ಇದ್ದಾಗ ತಿನ್ನು, ಹಳೇ ಹೆಣ ಮುಟ್ಟಬ್ಯಾಡ.
ನಿನ್ನ ಡಬ್ಬೀನೂ ಬಿಚ್ಚು ಮಾರಾಯಾ,
ಮೊದಲನೇ ತಿಂಗಳು ನಾ ಎರಡೂ ಕಡೆ ಉಪಾಸ ಬಿದ್ದಿದ್ದೆ.
ದೇವರನ್ನ ಕರದ್ರ ಬರ್ತಾನ, ಖರೇನ ಬರ್ತಾನ.
ಹಿಂದಿನ್ಹಿಂದ ಕರದ್ರ ಸಿಡಿಲು ಹೊಡೀತಾನ.
ಸಾವಕಾರನ ಹತ್ರ ಅಡ್ವಾನ್ಸ್ ಕೇಳಿದಂಗ, ದಿನ ಎಣಿಸಿ ಕೇಳಬೇಕು.

ಇನ್ನೊಂದು. ಇದನ್ನ ನನಗ ಯಾರೂ ಹೇಳಲಿಲ್ಲ.
ನೀ ಹೆಜ್ಜಿ ಇಡೂತನಾ ಅಲ್ಲಿ ಯಾರೂ ಹೆಜ್ಜಿ ಇಡೂದಿಲ್ಲ.
ಬಾಯಿ ತೆರದ ದೊಡ್ಡ ಡಿ ಮಗ್ಗಲದಾಗ ನಿಂತಿರ್ತದ, ನಿಂತ ಇರ್ತದ.
ಜೀವ ಎರಡಕ್ಕ ಇಳದಾಗ ಗುಂಡಿ ಮ್ಯಾಲಿಂದ ಕೈ ತಗಿ.
ಎದ್ದು ಹೋಗಿ ಖೋಲಿ ಉಷ್ಣತೆ ಬರದು ಬಾ.
ನಾ ಸತ್ತದ್ದೆಲ್ಲಾ ಗಡಿಬಿಡಿಲೆ.

ಎರಡು ವರ್ಷದ ಹಿಂದ, ಬ್ಯಾಸಗಿ, ರಾತ್ರಿ ಒಂದಕ್ಕ ಕರೆಂಟು ಹೋತು,
ಜನರೇಟರು ಕೆಮ್ಮಿ ಸುಮ್ಮಾತು.
ಓಡಬೇಕಂದವ ಓಡಲಿಲ್ಲ. ಚೀಲದಾಗ ಏನೇನದ ಎಣಿಸಿದೆ:
ಟಾರ್ಚು. ಪಾನಾ. ಮೆಕ್ಯಾನಿಕ್ ದಾವಲಸಾಬನ ನಂಬರು.
ಒಂದು ತಂಬಿಗಿ ನೀರು.
ಮೂರು ಖೋಲಿ ಉಳದ್ವು.
ಎರಡನೇದು ಉಳೀಲಿಲ್ಲ, ಬಾಗಿಲಾ ತೆರದು ನೋಡಿದ್ದೆ, ನಂದ ತಪ್ಪು.
ಕಾಯೂ ಮಂದಿ ಬಾಗಿಲಾ ತೆರದು ನೋಡಬಾರದು.

ಒಂಬತ್ತನೇ ಮಾಳಿಗ್ಯಾಗ ನಿನಗೊಂದು ದೆವ್ವ ಭೆಟ್ಟಿ ಆಗಬಹುದು.
ಹೆಸರು ಸಾತಲಿಂಗ. ನಾನ.
ಹೋದ ಯುಗಾದಿ ಮುಂಚಿ ರಾತ್ರಿ ಅಲ್ಲೇ ಬಿದ್ದೀನಿ,
ಸಾಮಾನೆಲ್ಲಾ ಅಲ್ಲೇ ಅದ.
ಸಲಿಗಿ ಬ್ಯಾಡ, ಹೊಡಿ. ನಾ ಸಾವಕಾಶ ಬರ್ತೀನಿ,
ನೀ ಅದಕ್ಕಿಂತ ಚುರುಕು ಅದಿ.
ಬೆಳ್ಳಿ ಅಂಗಿ ಒಂದದ, ಅದಕ್ಕ ಶಾಪ ಹತ್ತಿರಬೇಕು,
ನಿನ್ನ ಬೆಕ್ಕನ್ನ ಮುಂದ ಬಿಡು.
ಬೆಕ್ಕು ಹಿಂಜರೀಲಾರದ ತುಳದು ದಾಟಿದ್ರ
ತೊಟಗೋ. ನನಗ ಸ್ವಲ್ಪ ಬಿಗೀ ಆಗಿತ್ತು.

ಕೀಲಿ ಮೊಳಿಗೆ ಅದ. ಎರಡು ಗಂಟೇದ್ದು ಬರದೀನಿ.
ಮೂರರದ್ದು ನಿಂದು.